ಸಿನಾತ್ರನ ಹಾಡು ರಾಕ್ ಗಂಟಲಲ್ಲಿ, ರಾಕ್ ಹಾಡು ಕೋಟು-ಟೈನಲ್ಲಿ: ಮೊದಲು ಯಾವ ಆಲ್ಬಮ್?

ಗೆಳೆಯನೊಬ್ಬನ ಮನೆ ಕಥೆ ಇದು. ಅವನ ಅಪ್ಪನಿಗೆ ಎಪ್ಪತ್ತೆಂಟು ವರ್ಷ. ಇಂಗ್ಲಿಷ್ ಹಾಡು ಅಂದರೆ ಅವರಿಗೆ ಫ್ರಾಂಕ್ ಸಿನಾತ್ರ, ನ್ಯಾಟ್ ಕಿಂಗ್ ಕೋಲ್, ಅಲ್ಲಿಗೆ ಮುಗೀತು. ಗೆಳೆಯನ ಮಗನಿಗೆ ಹದಿನೇಳು. ಅವನದು ನಿರ್ವಾನಾ, ಮೆಟಾಲಿಕಾದಂಥ ಅಬ್ಬರದ ರಾಕ್ ಬ್ಯಾಂಡ್. ಇರೋದು ಒಂದೇ ಕಾರು. ಬೆಂಗಳೂರಿನಿಂದ ಸಕಲೇಶಪುರ ತಲುಪುವಷ್ಟರಲ್ಲಿ ಸ್ಟೀರಿಯೊ ಹತ್ತು ಸಲ ಬಾಯಿ ಮುಚ್ಚಿಕೊಳ್ಳುತ್ತದೆ. "ಇಬ್ಬರಿಗೂ ಒಗ್ಗೋದು ಏನಾದರೂ ಇದ್ದರೆ ಹೇಳು ಮಾರಾಯ" ಎಂದ ಗೆಳೆಯ.

ಇದೆ. ಕ್ರೂನರ್‌ಗಳು, ಅಂದರೆ ಸಿನಾತ್ರನಂಥ ಮೆಲುದನಿಯ ಗಾಯಕರು, ಹಾಡಿದ ರಾಕ್ ಹಾಡುಗಳಿವೆ, ರಾಕ್ ಗಾಯಕರು ಹಾಡಿದ ಕ್ರೂನರ್ ಹಾಡುಗಳೂ ಇವೆ. ತೊಂದರೆ ಏನೆಂದರೆ, ಇಂಥ ಆಲ್ಬಮ್‌ಗಳು ವಿಪರೀತ ಬಂದಿವೆ. ಅದರಲ್ಲಿ ಅರ್ಧಕ್ಕರ್ಧ ಒಂದು ಸಲ ಕೇಳಿ ಬದಿಗಿಡುವಂಥವು. ಇದೇ ಗೊಂದಲದಲ್ಲಿ ಇರೋರು ಇನ್ನೂ ಕೆಲವರು ಸಿಕ್ಕಿದರು. ಒಬ್ಬರಿಗೆ ಮಾವನ ಹುಟ್ಟುಹಬ್ಬಕ್ಕೆ ಕೊಡೋಕೆ ರೆಕಾರ್ಡ್ ಬೇಕು. ಇನ್ನೊಬ್ಬರಿಗೆ ರಾತ್ರಿ ಒಬ್ಬರೇ ಕೂತು ಕೇಳೋಕೆ. ಎಲ್ಲರಿಗೂ ಒಂದೇ ಉತ್ತರ ಆಗೋದಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಕ್ರೂನರ್ ಅಂದರೆ ಯಾರು ಅನ್ನೋದನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. 1925ರ ಹೊತ್ತಿಗೆ ಮೈಕ್ ಇಟ್ಟು ರೆಕಾರ್ಡ್ ಮಾಡುವ ಪದ್ಧತಿ ಬಂತು. ಅಲ್ಲಿಯವರೆಗೆ ಹಾಡುಗಾರ ಸಭಾಂಗಣದ ಕೊನೆಯ ಸಾಲಿಗೆ ಕೇಳುವ ಹಾಗೆ ಗಂಟಲು ಹರಿದುಕೊಳ್ಳಬೇಕಿತ್ತು. ಮೈಕ್ ಬಂದ ಮೇಲೆ ಬಿಂಗ್ ಕ್ರಾಸ್ಬಿಯಂಥವರು ಪಕ್ಕದಲ್ಲಿ ಕೂತವರ ಕಿವಿಯಲ್ಲಿ ಹೇಳುವಂತೆ ಹಾಡೋಕೆ ಶುರು ಮಾಡಿದರು. ಅದೇ ಕ್ರೂನಿಂಗ್. ನಮ್ಮ ಕಡೆ ಹೋಟೆಲ್ ಬ್ಯಾಂಡ್ ಜೊತೆ ಹಾಡುವವರನ್ನೂ ಕ್ರೂನರ್ ಎಂದೇ ಕರೆಯುತ್ತಿದ್ದರು. 1950ರ ದಶಕದಲ್ಲಿ ರಾಕ್ ಬಂದು ಇದನ್ನೆಲ್ಲ ತಲೆಕೆಳಗು ಮಾಡಿತು. ಪಿಸುಗುಟ್ಟುವ ಜಾಗದಲ್ಲಿ ಕಿರುಚಾಟ.

ಅಳೆಯೋದು ಹೇಗೆ?

ಮೊದಲನೆಯದು ಮಾತು. ಕ್ರೂನರ್ ಕಸುಬು ಇರೋದೇ ಮಾತಿನಲ್ಲಿ. ಹಾಡುವವರು ಆ ಮಾತನ್ನು ನಂಬಿ ಹಾಡುತ್ತಿದ್ದಾರಾ, ಸುಮ್ನೆ ರಾಗ ಎಳೀತಿದ್ದಾರಾ? ಇದು ಎರಡನೇ ಸಾಲಿಗೇ ಗೊತ್ತಾಗಿಬಿಡುತ್ತದೆ.

ಎರಡನೆಯದನ್ನು ಜನ ನೋಡೋದೇ ಇಲ್ಲ. ಹಿಂದೆ ವಾದ್ಯಗಳನ್ನು ಹೊಂದಿಸಿದವರು ಯಾರು? ನಾನಂತೂ ಗಾಯಕರ ಹೆಸರು ನೋಡಿದ ತಕ್ಷಣ ಕವರಿನ ಹಿಂಬದಿ ತಿರುಗಿಸಿ ಅರೇಂಜರ್ ಹೆಸರು ಹುಡುಕುತ್ತೇನೆ. ನೆಲ್ಸನ್ ರಿಡಲ್, ಗಾರ್ಡನ್ ಜೆಂಕಿನ್ಸ್ ಎಂದಿದ್ದರೆ ಅರ್ಧ ಗೆದ್ದ ಹಾಗೆ. ಇಬ್ಬರೂ ಸಿನಾತ್ರನಿಗೆ ವಾದ್ಯ ಹೊಂದಿಸಿಕೊಟ್ಟವರು.

ಮೂರನೆಯದು ಸ್ವಲ್ಪ ನಿಷ್ಠುರ. ಹಾಡಿನ ಮಧ್ಯದಲ್ಲಿ ನಿಮಗೆ "ಇದರ ಬದಲು ಮೂಲವನ್ನೇ ಹಾಕಬಹುದಿತ್ತಲ್ಲ" ಅನಿಸಿತಾ? ಅನಿಸಿದರೆ ಆ ಕವರ್, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿದ್ದು, ಸೋತಿತು. ನಾಲ್ಕನೆಯದು, ಆಲ್ಬಮ್ ಪೂರ್ತಿ ಕೇಳುವ ಹಾಗಿದೆಯಾ, ಅಥವಾ ಒಂದೇ ಜೋಕನ್ನು ಹನ್ನೆರಡು ಸಲ ಹೇಳಿದ್ದಾರಾ? ದುಡ್ಡಿನ ವಿಷಯ ಕೊನೆಗೆ ಬರೋಣ.

ಖರ್ಚಿಲ್ಲದೆ ಮೊದಲು ಇವನ್ನು ನೋಡಿ

ದುಡ್ಡು ಕೊಡುವ ಮುಂಚೆ ಇಂಟರ್‌ನೆಟ್‌ನಲ್ಲಿ ಸಿಗುವ ಎರಡು ವಿಡಿಯೊ ನೋಡಿಬಿಡಿ. ಈ ಜಾತಿಯ ಸಂಗೀತ ನಿಮಗೆ ಹಿಡಿಸುತ್ತದಾ ಇಲ್ಲವಾ ಅಲ್ಲೇ ತಿಳಿಯುತ್ತದೆ.

ಮೊದಲನೆಯದು 1960ರದ್ದು. ಎಲ್ವಿಸ್ ಪ್ರೆಸ್ಲಿ ಸೇನೆಯಿಂದ ಆಗಷ್ಟೇ ವಾಪಸಾಗಿದ್ದ. ಸಿನಾತ್ರ ಅವನನ್ನು ತನ್ನ ಟೀವಿ ಕಾರ್ಯಕ್ರಮಕ್ಕೆ ಕರೆದ. ಮೂರು ವರ್ಷದ ಹಿಂದೆ ರಾಕ್ ಅಂಡ್ ರೋಲ್ ಬಗ್ಗೆ ಬಾಯಿಗೆ ಬಂದಂತೆ ಬೈದಿದ್ದವನೂ ಇದೇ ಸಿನಾತ್ರ! ಮಯಾಮಿಯ ಹೋಟೆಲೊಂದರಲ್ಲಿ ಶೂಟಿಂಗ್. ಇಬ್ಬರೂ ಟಕ್ಸಿಡೊ ಹಾಕಿಕೊಂಡು ನಿಂತಿದ್ದಾರೆ. ಎಲ್ವಿಸ್ 'ವಿಚ್‌ಕ್ರಾಫ್ಟ್' ಹಾಡುತ್ತಾನೆ, ಅದು ಸಿನಾತ್ರನ ಹಾಡು. ಸಿನಾತ್ರ 'ಲವ್ ಮಿ ಟೆಂಡರ್' ಹಾಡುತ್ತಾನೆ, ಅದು ಎಲ್ವಿಸ್‌ದು. ಒಂದು ಸಾಲು ಇವನು, ಒಂದು ಸಾಲು ಅವನು. ಎಲ್ವಿಸ್‌ನ ಭುಜ ಸುಮ್ಮನಿರೋದಿಲ್ಲ. ಸಿನಾತ್ರ ಆ ಮೆಲ್ಲಗಿನ ಹಾಡನ್ನು ಜಿಗಿತದ ಲಯಕ್ಕೆ ಬಗ್ಗಿಸಿಬಿಡುತ್ತಾನೆ. ಯಾರೂ ಇನ್ನೊಬ್ಬರ ಥರ ಹಾಡೋಕೆ ಹೋಗಲಿಲ್ಲ, ಅದಕ್ಕೇ ಅದು ಇವತ್ತಿಗೂ ಚೆನ್ನಾಗಿದೆ.

ಎರಡನೆಯದು 1977ರದ್ದು. ಎಪ್ಪತ್ತನಾಲ್ಕರ ಬಿಂಗ್ ಕ್ರಾಸ್ಬಿ, ಮೂವತ್ತರ ರಾಕ್ ಗಾಯಕ ಡೇವಿಡ್ ಬೋವಿ. ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಲಂಡನ್ ಹತ್ತಿರ ಸೆಪ್ಟೆಂಬರ್ 11ರಂದು ಚಿತ್ರೀಕರಣ. ಬೋವಿಗೆ 'ಲಿಟಲ್ ಡ್ರಮ್ಮರ್ ಬಾಯ್' ಹಾಡು ಹಿಡಿಸಲಿಲ್ಲ. ಆದ್ದರಿಂದ ಅಲ್ಲೇ ಕೂತು ಅವನಿಗಾಗಿ 'ಪೀಸ್ ಆನ್ ಅರ್ತ್' ಎಂಬ ಇನ್ನೊಂದು ಮಟ್ಟು ಕಟ್ಟಿಕೊಟ್ಟರು. ಕ್ರಾಸ್ಬಿ ಹಳೆಯದನ್ನು ಹಾಡುತ್ತಿದ್ದರೆ ಬೋವಿ ಮೇಲಿನಿಂದ ಹೊಸದನ್ನು ಹಾಡುತ್ತಾನೆ. ಕಾರ್ಯಕ್ರಮ ಪ್ರಸಾರವಾಗುವ ಹೊತ್ತಿಗೆ ಕ್ರಾಸ್ಬಿ ಇರಲಿಲ್ಲ. ಅಕ್ಟೋಬರ್ 14ರಂದು ತೀರಿಕೊಂಡಿದ್ದ.

ಇಲ್ಲಿ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಬರೆದ 'ಸಮ್‌ಥಿಂಗ್' ಹಾಡನ್ನು ಸಿನಾತ್ರ 1970ರಿಂದ ಹಾಡುತ್ತಾ ಬಂದ. ಅದ್ಭುತ ಪ್ರೇಮಗೀತೆ ಎಂದು ವೇದಿಕೆ ಮೇಲೆ ಹೊಗಳುತ್ತಿದ್ದ, ಆದರೆ ಬರೆದವರು ಅದೇ ಬ್ಯಾಂಡಿನ ಲೆನನ್-ಮ್ಯಾಕಾರ್ಟ್ನಿ ಎಂದು ತಪ್ಪು ಹೆಸರು ಹೇಳುತ್ತಿದ್ದ. ಪಾಪ, ಹ್ಯಾರಿಸನ್! ಹಾಡಿನ ಮಧ್ಯೆ ಒಂದು ಸಾಲಿಗೆ ಸಿನಾತ್ರ ತನ್ನ ಕಡೆಯಿಂದ 'ಜ್ಯಾಕ್' ಎಂಬ ಒಂದೇ ಪದ ತುರುಕಿದ. ನಾವು 'ಗುರು' ಅನ್ನುತ್ತೇವಲ್ಲ, ಆ ಥರ. ಅಷ್ಟಕ್ಕೇ ಹಾಡಿನ ನಿಲುವೇ ಬದಲಾಗುತ್ತದೆ. ಹ್ಯಾರಿಸನ್‌ದು ತನ್ನೊಳಗೇ ಮಾತಾಡಿಕೊಳ್ಳುವ ಹುಡುಗನ ಹಾಡು. ಸಿನಾತ್ರನದು ಬಾರ್ ಕೌಂಟರ್‌ನಲ್ಲಿ ಪಕ್ಕದವನ ಭುಜ ತಟ್ಟಿ ಹೇಳುವವನ ಹಾಡು. ಮಜಾ ಏನು ಗೊತ್ತಾ? 1991ರ ಕೊನೆಯಲ್ಲಿ ಹ್ಯಾರಿಸನ್ ಜಪಾನಿಗೆ ಹೋದಾಗ ತಾನೂ ಆ 'ಜ್ಯಾಕ್' ಸೇರಿಸಿ ಹಾಡಿದ. ಸಾಲ ಕೊಟ್ಟಿದ್ದು ಬಡ್ಡಿ ಸಮೇತ ವಾಪಸ್ ಬಂತು.

ಮೂರು ಆಲ್ಬಮ್, ಒಂದು ಹಾಡು

ರಾಕ್ ಕಡೆಯವರು ಕ್ರೂನರ್ ಹಾಡು ಹಾಡಿದ ಆಲ್ಬಮ್‌ಗಳಲ್ಲಿ ನಾನು ಗಟ್ಟಿಯಾಗಿ ಹೇಳೋದು ಮೂರನ್ನು. ಹ್ಯಾರಿ ನಿಲ್ಸನ್‌ನ 'ಎ ಲಿಟಲ್ ಟಚ್ ಆಫ್ ಶ್ಮಿಲ್ಸನ್ ಇನ್ ದ ನೈಟ್' (1973), ಲಿಂಡಾ ರಾನ್‌ಸ್ಟಾಟ್‌ಳ 'ವಾಟ್ಸ್ ನ್ಯೂ' (1983), ಬಾಬ್ ಡಿಲನ್‌ನ 'ಶ್ಯಾಡೋಸ್ ಇನ್ ದ ನೈಟ್' (2015). ಅದೃಷ್ಟಕ್ಕೆ ಮೂರರಲ್ಲೂ ಒಂದು ಹಾಡು ಸಾಮಾನ್ಯ: ಇರ್ವಿಂಗ್ ಬರ್ಲಿನ್ 1923ರಲ್ಲಿ ಬರೆದ 'ವಾಟಲ್ ಐ ಡೂ'. ನೀನು ದೂರ ಹೋದ ಮೇಲೆ ನಾನೇನು ಮಾಡಲಿ, ಕಷ್ಟ ಹೇಳಿಕೊಳ್ಳೋಕೆ ಒಂದು ಫೋಟೊ ಮಾತ್ರ ಉಳಿದರೆ ಏನು ಮಾಡಲಿ ಅನ್ನೋದು ಹಾಡಿನ ತಿರುಳು. ಮೂರೆಣಿಕೆಯ ವಾಲ್ಟ್ಸ್. ಪದಗಳು ಎಲ್‌ಕೆಜಿ ಮಕ್ಕಳಿಗೂ ಗೊತ್ತಿರುವಷ್ಟು ಸರಳ. ಎಲ್ಲೂ ಬಚ್ಚಿಟ್ಟುಕೊಳ್ಳೋಕೆ ಜಾಗ ಇಲ್ಲ. ಮೂರನ್ನೂ ಒಂದರ ಹಿಂದೆ ಒಂದು ಕೇಳಿ. ಹದಿನೈದು ನಿಮಿಷವೂ ಬೇಡ.

ನಿಲ್ಸನ್‌ನದು ಜೇನಿನಂಥ ಗಂಟಲು. ವಾದ್ಯ ಹೊಂದಿಸಿದ್ದು ಗಾರ್ಡನ್ ಜೆಂಕಿನ್ಸ್. 1962ರಲ್ಲಿ ಸಿನಾತ್ರ ಇದೇ ಹಾಡನ್ನು ಹಾಡಿದಾಗಲೂ ಅರೇಂಜರ್ ಅವನೇ. ಪಿಟೀಲುಗಳು ಅಲೆ ಥರ ಬಂದು ಹೋಗುತ್ತವೆ. ನಿಲ್ಸನ್ ಎಲ್ಲೂ ಒತ್ತಿ ಹಾಡೋದಿಲ್ಲ, ಲಾಲಿ ಹಾಡುವವನ ಹಾಗೆ. ಈ ಮೂರರಲ್ಲಿ ಅತಿ ಸಲೀಸಾಗಿ ಒಳಗೆ ಇಳಿಯೋದು ಇದೇ. ಕುಂದು ಹೇಳಲೇಬೇಕೆಂದರೆ, ಆಲ್ಬಮ್ ಪೂರ್ತಿ ಒಂದೇ ಮಂದ ಬೆಳಕು. ಹಗಲು ಹೊತ್ತು ಕೇಳಿದರೆ ನಿದ್ದೆ ಬರುತ್ತದೆ, ಡ್ರೈವಿಂಗ್ ಮಾಡುವಾಗಂತೂ ಬೇಡ.

ರಾನ್‌ಸ್ಟಾಟ್ ವಿಷಯ ಬೇರೆ. 1970ರ ದಶಕದಲ್ಲಿ ಅಮೆರಿಕದ ದೊಡ್ಡ ರಾಕ್ ಗಾಯಕಿಯರಲ್ಲಿ ಒಬ್ಬಳು. ಅಂಥವಳು ಅಜ್ಜ-ಅಜ್ಜಿಯರ ಕಾಲದ ಹಾಡು ಹಾಡುತ್ತೇನೆ ಎಂದಾಗ ಸುತ್ತಲಿನವರು ಬೇಡ ಎಂದರು. ಅವಳು ಸೀದಾ ನೆಲ್ಸನ್ ರಿಡಲ್ ಹತ್ತಿರ ಹೋದಳು. ಆಲ್ಬಮ್ ಅಮೆರಿಕದಲ್ಲೇ 30 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಆಮೇಲೆ ಇಬ್ಬರೂ ಸೇರಿ ಇನ್ನೆರಡು ಮಾಡಿದರು, ಮೂರನೆಯದು ಹೊರಬರುವ ಮುಂಚೆ ರಿಡಲ್ ತೀರಿಕೊಂಡ. ಅವಳ 'ವಾಟಲ್ ಐ ಡೂ' ಕೇಳಿ. ದೊಡ್ಡ ದನಿ, ಬೇಕೆಂದರೆ ಗೋಡೆ ನಡುಗಿಸಬಲ್ಲ ದನಿ, ಆದರೆ ಅದನ್ನು ಹಿಡಿದಿಟ್ಟುಕೊಂಡು ಹಾಡುತ್ತಾಳೆ. ಆ ಹಿಡಿತವೇ ಇದರ ಸುಖ. ನಿಜ ಹೇಳಬೇಕೆಂದರೆ ಮಾತಿನ ಪರೀಕ್ಷೆಯಲ್ಲಿ ಇವಳಿಗೆ ನನ್ನಿಂದ ಪೂರ್ತಿ ಅಂಕ ಇಲ್ಲ. ಕೆಲವು ಕಡೆ ದನಿಯ ಚೆಲುವು ಮಾತಿನ ನೋವನ್ನು ಮುಚ್ಚಿಬಿಡುತ್ತದೆ. ವಾದ್ಯದ ಪರೀಕ್ಷೆಯಲ್ಲಿ ಮಾತ್ರ ಇದನ್ನು ಮೀರಿಸಿದ್ದು ಸಿಗೋದು ಕಷ್ಟ. ಸಿನಾತ್ರ ಕೇಳುತ್ತಾ ಬೆಳೆದ ಹಿರಿಯರಿಗೆ ಉಡುಗೊರೆ ಕೊಡಬೇಕಾ? ಹೆಚ್ಚು ಯೋಚಿಸಬೇಡಿ, ಇದನ್ನೇ ಕೊಡಿ. ಮೊದಲ ಪಿಟೀಲಿಗೇ ಅವರಿಗೆ ತಮ್ಮ ಮನೆ ಗುರುತು ಸಿಗುತ್ತದೆ.

ಇನ್ನು ಡಿಲನ್. ಆಗ ಅವನಿಗೆ ಎಪ್ಪತ್ತಮೂರು. ಗಂಟಲು ಜಲ್ಲಿ ರಸ್ತೆ. ಹತ್ತು ಹಾಡು, ಎಲ್ಲವನ್ನೂ ಹಿಂದೆ ಸಿನಾತ್ರ ಹಾಡಿದ್ದ. ಸಿನಾತ್ರ ಎಷ್ಟೋ ರೆಕಾರ್ಡ್ ಮಾಡಿದ ಕ್ಯಾಪಿಟಲ್ ಸ್ಟುಡಿಯೋಗೇ ಹೋಗಿ, ಐದು ಜನರ ಬ್ಯಾಂಡ್ ಕೂರಿಸಿಕೊಂಡು, ಎಲ್ಲರೂ ಒಟ್ಟಿಗೆ ನುಡಿಸಿ ಹಾಡಿ ಮುಗಿಸಿದ. ಪಿಟೀಲಿನ ದಂಡು ಇಲ್ಲ. ಆ ಜಾಗದಲ್ಲಿ ಪೆಡಲ್ ಸ್ಟೀಲ್ ಇದೆ. ಅದು ಮೇಜಿನ ಹಾಗೆ ಕಾಲುಗಳ ಮೇಲೆ ಮಲಗಿರುವ ಗಿಟಾರ್, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸೋದು. ಗೋಟುವಾದ್ಯದ ಜಾರು ಕೇಳಿ ಗೊತ್ತಿರುವ ಕಿವಿಗೆ ಇದು ತಕ್ಷಣ ಹತ್ತಿರವಾಗುತ್ತದೆ.

ಅವನ 'ವಾಟಲ್ ಐ ಡೂ' ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಮೇಲಿನ ಸ್ವರಕ್ಕೆ ಹೋಗುವಾಗ ದನಿ ಸೀಳುತ್ತದೆ, ಅಲ್ಲಿ ತಲುಪುತ್ತಾನಾ ಇಲ್ಲವಾ ಅಂತ ನಾವೇ ಉಸಿರು ಬಿಗಿಹಿಡಿಯಬೇಕು. ಮೂರನೇ ಸಲಕ್ಕೆ ಅರ್ಥ ಆಯಿತು. ನಿಲ್ಸನ್ ಹಾಡಿದಾಗ ಆ ಫೋಟೊ ಹೊಸದು. ಡಿಲನ್ ಹಾಡಿದಾಗ ಅದು ಅಂಚು ಮಾಸಿ, ಪರ್ಸಿನಲ್ಲಿ ಮಡಚಿ ಮಡಚಿ ಗೆರೆ ಬಿದ್ದಿರುವ ಫೋಟೊ. ಮಾತಿನ ಪರೀಕ್ಷೆಯಲ್ಲಿ ಇವನೇ ಮೊದಲಿಗ, ನನ್ನ ಮಟ್ಟಿಗೆ. ಆದರೆ ಎಚ್ಚರಿಕೆ: ಡಿಲನ್ ದನಿಯೇ ಆಗದವರಿಗೆ ಇದು ಶಿಕ್ಷೆ. 35 ನಿಮಿಷದಲ್ಲಿ ಮುಗಿಯುತ್ತದೆ ಅನ್ನೋದೊಂದೇ ಸಮಾಧಾನ. ಇದು ಹಿಡಿಸಿದರೆ ಮಾತ್ರ ಮುಂದಿನದಕ್ಕೆ ಹೋಗಿ. 2017ರ 'ಟ್ರಿಪ್ಲಿಕೇಟ್' ಮೂರು ಡಿಸ್ಕ್, ಮೂವತ್ತು ಹಾಡು. ಊಟ ರುಚಿಯಾಗಿದೆ ಅಂತ ಮೂರು ಎಲೆ ಹಾಕಿಸಿಕೊಂಡ ಹಾಗಾಗುತ್ತದೆ.

ಈ ಸಾಲಿನಲ್ಲಿ ಇನ್ನೂ ಇಬ್ಬರ ಹೆಸರು ಬರುತ್ತದೆ. ರಾಡ್ ಸ್ಟೂವರ್ಟ್ 2002ರಿಂದ 2010ರವರೆಗೆ ಹಳೆಯ ಹಾಡುಗಳ ಐದು ಆಲ್ಬಮ್ ಮಾಡಿದ. ಚೆನ್ನಾಗಿ ಮಾರಾಟವಾದವು, ಮೂರನೆಯದಕ್ಕೆ ಗ್ರ್ಯಾಮಿ ಕೂಡ ಬಂತು. ಮನೆಗೆ ನೆಂಟರು ಬಂದಾಗ ಮೆಲ್ಲಗೆ ಹಾಕಿಡೋಕೆ ಪರವಾಗಿಲ್ಲ. ಕೂತು ಕೇಳೋಕೆ ನನ್ನಿಂದ ಆಗೋದಿಲ್ಲ, ಆ ಒರಟು ಗಂಟಲಿಗೆ ಇಲ್ಲಿ ಕೆಲಸವೇ ಕೊಟ್ಟಿಲ್ಲ. ಬೀಟಲ್ಸ್‌ನ ಡ್ರಮ್ಮರ್ ರಿಂಗೊ ಸ್ಟಾರ್ 1970ರಲ್ಲೇ 'ಸೆಂಟಿಮೆಂಟಲ್ ಜರ್ನಿ' ಮಾಡಿದ್ದ, ಒಂದೊಂದು ಹಾಡಿಗೆ ಒಬ್ಬೊಬ್ಬ ಅರೇಂಜರ್. ಮನೆಯವರು ಕೇಳಿ ಬೆಳೆದ ಹಾಡುಗಳು ಅವು. ಪ್ರೀತಿ ಕಾಣುತ್ತದೆ, ಗಂಟಲು ಸಾಲದು. ಬೀಟಲ್ಸ್ ಎಲ್ಲವನ್ನೂ ಕೂಡಿಡುವವರಿಗೆ ಮಾತ್ರ.

ಎದುರು ದಿಕ್ಕಿನಿಂದ ಬಂದವರು

ಕ್ರೂನರ್‌ಗಳು ರಾಕ್ ಹಾಡೋಕೆ ಹೊರಟಾಗ ಎಡವಿದ್ದೇ ಜಾಸ್ತಿ. ಟೋನಿ ಬೆನೆಟ್ ಕಥೆ ಕೇಳಿದರೆ ಅಯ್ಯೋ ಅನಿಸುತ್ತದೆ. ಹೊಸ ಕಾಲದ ಹಾಡು ಹಾಡು ಎಂದು ರೆಕಾರ್ಡ್ ಕಂಪನಿ ಒತ್ತಾಯ ಮಾಡಿತು. ರೆಕಾರ್ಡಿಂಗ್‌ಗೆ ಮೊದಲು ತನಗೆ ವಾಂತಿಯಾಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. 1970ರ ಆ ಆಲ್ಬಮ್‌ನಲ್ಲಿ ಬೀಟಲ್ಸ್‌ನ 'ಎಲಿನಾರ್ ರಿಗ್ಬಿ'ಯನ್ನು ಹಾಡುವ ಬದಲು ನಾಟಕದ ಮಾತಿನ ಹಾಗೆ ಒಪ್ಪಿಸಿದ್ದಾನೆ. ಇಷ್ಟವಿಲ್ಲದ ಮದುವೆ ಹೇಗಿರುತ್ತದೆ ಅಂತ ತಿಳಿಯಬೇಕಿದ್ದರೆ ಕೇಳಿ. ಅಲ್ಲಿಂದ 36 ವರ್ಷ ಬಿಟ್ಟು ಬೋನೊ, ಸ್ಟಿಂಗ್, ಎಲ್ಟನ್ ಜಾನ್‌ರಂಥ ರಾಕ್ ತಾರೆಗಳೆಲ್ಲ ಅವನ ಹತ್ತಿರ ಬಂದು ಅವನದೇ ಹಾಡನ್ನು ಅವನ ಜೊತೆ ಹಾಡಿದರು, 'ಡ್ಯೂಯೆಟ್ಸ್' ಆಲ್ಬಮ್‌ನಲ್ಲಿ. ಅದು ಸೊಗಸಾಗಿದೆ.

ಪ್ಯಾಟ್ ಬೂನ್ 1997ರಲ್ಲಿ 'ಇನ್ ಎ ಮೆಟಲ್ ಮೂಡ್' ಮಾಡಿದ. ಸಾತ್ವಿಕ, ಬಿಳಿ ಬೂಟಿನ ಗಾಯಕ, ಮೆಟಾಲಿಕಾ ಮತ್ತು ಡೀಪ್ ಪರ್ಪಲ್ ಹಾಡುಗಳನ್ನು ಕಹಳೆ-ಟ್ರಂಪೆಟ್ ಇಟ್ಟು ಹಾಡಿದ. 'ಸ್ಮೋಕ್ ಆನ್ ದ ವಾಟರ್'ಗೆ ಡೀಪ್ ಪರ್ಪಲ್‌ನ ರಿಚೀ ಬ್ಲ್ಯಾಕ್‌ಮೋರ್ ತಾನೇ ಗಿಟಾರ್ ನುಡಿಸಿದ. ಪ್ರಶಸ್ತಿ ಸಮಾರಂಭಕ್ಕೆ ಬೂನ್ ಚರ್ಮದ ಉಡುಪಿನಲ್ಲಿ ಹೋಗಿದ್ದಕ್ಕೆ ಧಾರ್ಮಿಕ ಚಾನೆಲ್ ಒಂದು ಅವನ ಕಾರ್ಯಕ್ರಮವನ್ನೇ ನಿಲ್ಲಿಸಿತು. ಮೂರು ಹಾಡಿನವರೆಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ನಾಲ್ಕನೆಯದಕ್ಕೆ ಜೋಕ್ ಹಳಸಿರುತ್ತದೆ. ಹದಿನೇಳರ ಹುಡುಗ ಇದನ್ನು ಕೇಳಿ ನಕ್ಕು ಫೋನ್‌ನಲ್ಲಿ ನಾಲ್ಕು ಜನರಿಗೆ ಕಳಿಸುತ್ತಾನೆ, ಅಷ್ಟೇ. ದುಡ್ಡು ಕೊಡಬೇಡಿ.

ನನ್ನ ಗೆಳೆಯನ ಕಾರಿಗೆ ಬೇಕಾಗಿದ್ದು ಪಾಲ್ ಆಂಕಾನ 'ರಾಕ್ ಸ್ವಿಂಗ್ಸ್' (2005). ಹದಿನಾಲ್ಕು ಹಾಡು. ನಿರ್ವಾನಾದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್', ಒಯಾಸಿಸ್‌ನ 'ವಂಡರ್‌ವಾಲ್', ವ್ಯಾನ್ ಹೇಲನ್‌ನ 'ಜಂಪ್', ಸೌಂಡ್‌ಗಾರ್ಡನ್‌ನ 'ಬ್ಲ್ಯಾಕ್ ಹೋಲ್ ಸನ್'. ಎಲ್ಲವೂ ಬಿಗ್ ಬ್ಯಾಂಡ್ ಸ್ವಿಂಗ್, ಅಂದರೆ ಟ್ರಂಪೆಟ್‌ಗಳ ದೊಡ್ಡ ತಂಡದ ಜೊತೆ ಜಿಗಿಯುವ ಜಾಜ್ ಲಯ. ಬೂನ್‌ಗೂ ಆಂಕಾಗೂ ಏನು ವ್ಯತ್ಯಾಸ ಅಂದರೆ, ಆಂಕಾ ತಮಾಷೆ ಮಾಡುವವನ ಹಾಗೆ ಕಣ್ಣು ಹೊಡೆಯೋದಿಲ್ಲ. ನಿರ್ವಾನಾದ ಕರ್ಟ್ ಕೊಬೇನ್ ಬರೆದ ಮಾತನ್ನು ಕಿರುಚದೆ ಬಿಡಿಸಿ ಬಿಡಿಸಿ ಹಾಡುತ್ತಾನೆ. ಗಿಟಾರ್ ಸದ್ದಿನಡಿ ಹೂತಿದ್ದ ಪದಗಳು ಮೊದಲ ಸಲ ಕಿವಿಗೆ ಬೀಳುತ್ತವೆ. ಆ ಪದಗಳಿಗೆ ಅರ್ಥ ಇದೆಯಾ ಅನ್ನೋದು ಬೇರೆ ಮಾತು.

ಬಾನ್ ಜೋವಿಯ 'ಇಟ್ಸ್ ಮೈ ಲೈಫ್' ಕೂಡ ಇದರಲ್ಲಿದೆ. ಆ ಹಾಡಲ್ಲಿ ಫ್ರಾಂಕಿ ಹೇಳಿದ ಹಾಗೆ 'ಮೈ ವೇ' ಎಂಬ ಸಾಲು ಬರುತ್ತದೆ. ಫ್ರಾಂಕಿ ಅಂದರೆ ಸಿನಾತ್ರ. ಆ 'ಮೈ ವೇ'ಗೆ ಇಂಗ್ಲಿಷ್ ಮಾತು ಬರೆದವನು ಯಾರು? ಇದೇ ಪಾಲ್ ಆಂಕಾ! ಕ್ಲೋದ್ ಫ್ರಾಂಸ್ವಾ ಹಾಡಿದ್ದ ಫ್ರೆಂಚ್ ಹಾಡಿನ ಮಟ್ಟಿಗೆ ಹೊಸ ಮಾತು ಹಾಕಿ ಸಿನಾತ್ರನಿಗೆ ಕೊಟ್ಟಿದ್ದ. ಆಮೇಲೆ ಅದನ್ನು ಎಲ್ವಿಸ್ ಹಾಡಿದ, 1978ರಲ್ಲಿ ಪಂಕ್ ಹುಡುಗ ಸಿಡ್ ವಿಷಸ್ ಚಿಂದಿ ಮಾಡಿ ಹಾಡಿದ. ಇದೇ ಮಟ್ಟಿಗೆ ಬೋವಿಯೂ ಇಂಗ್ಲಿಷ್ ಮಾತು ಬರೆದು ತಿರಸ್ಕಾರವಾಗಿ, ಆ ಸಿಟ್ಟಲ್ಲಿ ಹುಟ್ಟಿದ್ದು 'ಲೈಫ್ ಆನ್ ಮಾರ್ಸ್?'. ಅಪ್ಪನಿಗೂ ಮಗನಿಗೂ ಕಾರಿನಲ್ಲಿ ಮಾತಾಡೋಕೆ ಇಷ್ಟು ಸಾಕಲ್ವಾ?

'ರಾಕ್ ಸ್ವಿಂಗ್ಸ್'ನಲ್ಲಿ ದೋಷ ಇಲ್ಲ ಅಂತಲ್ಲ. ಎಂಟು ಹಾಡಾದ ಮೇಲೆ ಟ್ರಂಪೆಟ್‌ಗಳು ಎಲ್ಲಿ ಏಳುತ್ತವೆ ಅಂತ ಮೊದಲೇ ಹೇಳಿಬಿಡಬಹುದು. ಮೂರನೇ ಪರೀಕ್ಷೆಯಲ್ಲೂ 'ಟಿಯರ್ಸ್ ಇನ್ ಹೆವನ್' ಸೋಲುತ್ತದೆ. ಮಗನನ್ನು ಕಳೆದುಕೊಂಡ ಎರಿಕ್ ಕ್ಲ್ಯಾಪ್ಟನ್ ಹಾಡಿದ ಹಾಡಿಗೆ ಇನ್ನೊಬ್ಬರ ಗಂಟಲು ಹೊಂದೋದು ಕಷ್ಟ.

ದುಡ್ಡು, ಮತ್ತು ಒಂದು ಕಹಿ ಅನುಭವ

ಕೇಳಿ ನೋಡೋಕೆ ಖರ್ಚೇ ಇಲ್ಲ, ಇವೆಲ್ಲ ಸ್ಟ್ರೀಮಿಂಗ್ ಆಪ್‌ಗಳಲ್ಲಿ ಸಿಗುತ್ತವೆ. ಕೈಯಲ್ಲಿ ಹಿಡಿಯುವ ಆಸೆ ಇದ್ದರೆ ಹಳೆಯ ಸಿಡಿಗಳು ಅಗ್ಗ. ಎಲ್ಪಿ ವಿಷಯಕ್ಕೆ ಬಂದರೆ, ಹೊರದೇಶದಿಂದ ಬರುವ ಹೊಸ ರೆಕಾರ್ಡ್ ಸಾಮಾನ್ಯವಾಗಿ 2,000 ರೂಪಾಯಿ ದಾಟುತ್ತದೆ. 'ವಾಟ್ಸ್ ನ್ಯೂ' ಆ ಕಾಲದಲ್ಲಿ ಲಕ್ಷಗಟ್ಟಲೆ ಮಾರಾಟವಾದ್ದರಿಂದ ಹಳೆಯ ಪ್ರತಿ ಹುಡುಕಿದರೆ ಸಿಗುತ್ತದೆ. ಹಳೆಯದನ್ನು ಕೊಳ್ಳುವಾಗ ಕವರ್ ನೋಡಿ ಮರುಳಾಗಬೇಡಿ. ನಾನು ಹಾಗೆ ಒಂದು ಸಲ ಅಂಗಡಿಯೊಂದರಲ್ಲಿ ರಾನ್‌ಸ್ಟಾಟ್ ಕವರ್ ನೋಡಿದವನೇ ಚೌಕಾಸಿ ಕೂಡ ಮಾಡದೆ ಎತ್ತಿಕೊಂಡು ಬಂದೆ. ಮನೆಗೆ ಬಂದು ಕೈ ತೊಳೆದು, ಕಾಫಿ ಇಟ್ಟುಕೊಂಡು, ಸೂಜಿ ಇಳಿಸಿದರೆ ಹೊರಟಿದ್ದು ಜರ್ಮನ್ ಬ್ಯಾಂಡ್‌ಸೆಟ್. ಒಳಗೆ ಬೇರೆ ತಟ್ಟೆ! ವಾಪಸ್ ಒಯ್ದರೆ "ನೋಡಿ ತಗೋಬೇಕಿತ್ತು ಸಾರ್" ಎಂದರು. ಅವರು ಹೇಳಿದ್ದೂ ಸರಿಯೇ. ತಟ್ಟೆ ಹೊರಗೆ ಎಳೆದು, ಲೇಬಲ್ ಓದಿ, ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ, ಆಮೇಲೆ ಪರ್ಸ್ ತೆಗೆಯಿರಿ.

ಒಂದೇ ಎಲ್ಪಿ ಕೊಳ್ಳುವ ಶಕ್ತಿ ಇದ್ದು, ರಾತ್ರಿ ಒಬ್ಬರೇ ಕೇಳುವವರಾದರೆ ನಾನು ಡಿಲನ್ ಎನ್ನುತ್ತೇನೆ. ಚಿಕ್ಕ ಬ್ಯಾಂಡ್, ಕೋಣೆಯಲ್ಲೇ ಕೂತು ನುಡಿಸಿದ ಹಾಗಿರುತ್ತದೆ. ಸಾಧಾರಣ ಸ್ಪೀಕರ್‌ನಲ್ಲೂ ಚೆನ್ನಾಗಿ ಕೇಳುತ್ತದೆ. ರಾನ್‌ಸ್ಟಾಟ್‌ಳ ಹಿಂದಿರುವ ದೊಡ್ಡ ಆರ್ಕೆಸ್ಟ್ರಾಕ್ಕೆ ಮಾತ್ರ ಸ್ವಲ್ಪ ಒಳ್ಳೆಯ ಸ್ಪೀಕರ್ ಬೇಕು, ಇಲ್ಲದಿದ್ದರೆ ಪಿಟೀಲುಗಳೆಲ್ಲ ಗಂಜಿಯಾಗುತ್ತವೆ. ಪುಟ್ಟ ಮಕ್ಕಳನ್ನು ಮಲಗಿಸುವ ಮನೆಗೆ ನಿಲ್ಸನ್.

ಗೆಳೆಯನಿಗೆ ಹೇಳಿದ್ದು ಇಷ್ಟು. ನೆಲಮಂಗಲ ದಾಟುವವರೆಗೆ ಏನೂ ಬೇಡ, ಟ್ರಾಫಿಕ್‌ನಲ್ಲಿ ಯಾರಿಗೂ ಯಾವ ಹಾಡೂ ಹಿಡಿಸೋದಿಲ್ಲ. ಆಮೇಲೆ ಆಂಕಾ, ಎಂಟು ಹಾಡಿಗೆ ನಿಲ್ಲಿಸು. ಚನ್ನರಾಯಪಟ್ಟಣದ ಹತ್ತಿರ ತಟ್ಟೆ ಇಡ್ಲಿ. ಹಾಸನ ದಾಟಿದ ಮೇಲೆ ರಾನ್‌ಸ್ಟಾಟ್, ಅದು ಅಪ್ಪನ ಪಾಲು, ಮಗ ಬೇಕಿದ್ದರೆ ಕಿಟಕಿ ಕಡೆ ನೋಡಿಕೊಂಡಿರಲಿ. ಮೊನ್ನೆ ಹೋಗಿಬಂದವನು ಫೋನ್ ಮಾಡಿದ್ದ. ಆಂಕಾನ ನಿರ್ವಾನಾ ಹಾಡು ಮುಗಿದ ಮೇಲೆ ಅಪ್ಪ ಹಿಂದಿನ ಸೀಟಿನಿಂದ "ಇದನ್ನ ಮೊದಲು ಹಾಡಿದ್ದು ಯಾರೋ?" ಎಂದರಂತೆ. ಮಗ ಮೂಲವನ್ನು ಹಾಕಿದನಂತೆ, ಪೂರ್ತಿ ವಾಲ್ಯೂಮಿನಲ್ಲಿ. ಅಪ್ಪ ಒಂದೂವರೆ ನಿಮಿಷ ಕೇಳಿ "ಮತ್ತೆ ಆ ಇನ್ನೊಬ್ಬನದ್ದೇ ಹಾಕು" ಎಂದರಂತೆ.